ಮೊದಲು ಹೆಸರು ಹಿಡಿ, ಆಮೇಲೆ ಏಣಿ

ಕುಷ್ಟಗಿಯಲ್ಲಿ ಬಿಸಿಲು ಬೇಗ ಏರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಗೌಂಡಿ ಕೆಲಸ ನಸುಕಿಗೇ ಶುರು. ಬಸ್ ನಿಲ್ದಾಣದ ಹತ್ತಿರ ಕೂಲಿಗೆ ನಿಂತವರನ್ನು ಮೇಸ್ತ್ರಿ ಮೆಹರಾಜ ಟಂಟಂ ಆಟೊದಲ್ಲಿ ತುಂಬಿಕೊಂಡು ಬರುತ್ತಾರೆ. ಅರ್ಧ ಎದ್ದ ಮನೆ, ಗೋಡೆಗೆ ಒರಗಿಸಿದ ಬಿದಿರಿನ ಏಣಿ. ಇಲ್ಲಿನವರ ಬಾಯಲ್ಲಿ ಅದು ನಿಚ್ಚಣಿಕಿ. ಅದರ ಬುಡದಲ್ಲಿ ಆಗಲೇ ಹುಲಗಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯ ಕಾಲಡಿಯ ಜಲ್ಲಿ ಸರಿಸುತ್ತಾರೆ, ಮೆಟ್ಟಿಲು ಜಗ್ಗುತ್ತಾರೆ, ತುದಿಯನ್ನು ಕಟ್ಟಿದ ಹಗ್ಗ ಸಡಿಲಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಹೊಸಬರನ್ನೆಲ್ಲ ಕೇಳುವುದು ಒಂದೇ ಮಾತು: "ಹೆಸರೇನಪ?"

ಕೂಲಿಯವರು ಇವತ್ತು ಇಲ್ಲಿ, ನಾಳೆ ಗಂಗಾವತಿ, ನಾಡಿದ್ದು ಕೊಪ್ಪಳ. ಒಬ್ಬರಿಗೊಬ್ಬರು ಗುರುತಿಲ್ಲ. ಏ ತಮ್ಮಾ, ಏ ಕೆಂಪಂಗಿಯವನ ಎನ್ನುವುದರಲ್ಲೇ ದಿನ ಮುಗಿಯುತ್ತದೆ. ಹುಲಗಮ್ಮ ಇದ್ದಲ್ಲಿ ಅದು ನಡೆಯದು. ಹತ್ತುವವನು ಬುಡ ಹಿಡಿದವರ ಹೆಸರು ಕೂಗಬೇಕು. ಹಿಡಿದವರು ಅವನ ಹೆಸರು ಹೇಳಿ "ಹಿಡದೀನಿ" ಅನ್ನಬೇಕು. ಇಳಿಯುವಾಗಲೂ ಅಷ್ಟೇ.

"ಬರೇ ಹೂಂ ಅಂದ್ರ ನಡಿಯಂಗಿಲ್ರಿ. ಹೂಂ ಅಂತ ಫೋನಿಗೂ ಅಂತಾರ, ಚಾ ಕುಡೀತೀ ಏನಂದ್ರೂ ಅಂತಾರ."

ಗಂಡಸರು ಅವರಿಗೆ 'ಹಾಜರಿ ಅಕ್ಕ' ಎಂದು ಹೆಸರಿಟ್ಟಿದ್ದಾರೆ. ಅಕ್ಕನಿಗೆ ಬೇಸರವಿಲ್ಲ. ಇದಕ್ಕೆಂದು ಬೇರೆ ಕೂಲಿಯೂ ಇಲ್ಲ. ಹಾಜರಿ ಮುಗಿದ ಮೇಲೆ ದಿನವಿಡೀ ಎಲ್ಲರಂತೆ ಉಸುಕು, ಕಲಸಿದ ಸಿಮೆಂಟಿನ ಮಾಲು ಹೊರುವುದೇ.

ಈ ಹಾಜರಿಯ ಹಿಂದೆ ಏಣಿಯಿಂದ ಬಿದ್ದ ಕಥೆಯೊಂದಿದೆ. ಕೆಲವು ವರ್ಷಗಳ ಹಿಂದೆ ಹುಲಗಮ್ಮ, ಅವರ ಗಂಡ ಇಬ್ಬರೂ ಒಂದೇ ಕಟ್ಟಡದಲ್ಲಿ ದುಡಿಯುತ್ತಿದ್ದರು. ಗಂಡ ಮೇಲೆ ಗೋಡೆಗೆ ಗಿಲಾವು ಬಳಿಯುತ್ತಿದ್ದಾಗ ಏಣಿ ಹಿಡಿದಿದ್ದವನು ನೀರು ಕುಡಿಯಲು ಹೋದ. ಮೇಲಿದ್ದ ಗಂಡನಿಗೆ ಅದು ತಿಳಿಯಲಿಲ್ಲ.

"ನಾನು ಉಸುಕಿನ ಹತ್ರ ಇದ್ದೆ. ಬುಡದಾಗ ಯಾರೂ ಇಲ್ಲದ್ದು ಕಂಡ್ತು. 'ರೀ, ನಿಂದರ್ರಿ' ಅಂತ ಒದರಿದೆ. ಅಲ್ಲಿದ್ದ ಗಂಡಸರೆಲ್ಲ ನಿಂತ್ರು. ನಿಂದರಬೇಕಾದವ್ರು ಕಾಲು ಇಳಿಬಿಟ್ರು. ಹೆಸರು ನಾಲಿಗಿ ತುದೀಗೆ ಬಂದಿತ್ರಿ. ಗಂಡನ ಹೆಸರು ಅಂದ್ರ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಮ್ಮವ್ವ ಅಂತಿದ್ಲು."

ಏಣಿ ಜಾರಿತು. ಜೀವ ಉಳಿಯಿತು, ಸೊಂಟ ಮುರಿಯಿತು. ಗಂಡನ ಹೆಸರು ದ್ಯಾಮಣ್ಣ ಎಂದು ನನಗೆ ಹೇಳಿದವರು ಹುಲಗಮ್ಮ ಅಲ್ಲ, ಮೇಸ್ತ್ರಿ.

ಇವತ್ತು ಯಲಬುರ್ಗಾ ಕಡೆಯಿಂದ ತಿಮ್ಮಣ್ಣ, ಶೇಖರಮ್ಮ ದಂಪತಿ ಹೊಸದಾಗಿ ಬಂದಿದ್ದಾರೆ. ಹತ್ತುವವನು ಗಂಡ, ಹಿಡಿಯುವವಳು ಹೆಂಡತಿ. ತಿಮ್ಮಣ್ಣ ಮೊದಲ ಮೆಟ್ಟಿಲಿಗೆ ಕಾಲಿಟ್ಟು "ಶೇಖರಮ್ಮಾ" ಎಂದು ಕೂಗುತ್ತಾನೆ. ಆಕೆ "ಹಿಡದೀನ್ರಿ" ಅನ್ನುತ್ತಾಳೆ. ಹುಲಗಮ್ಮ ಏಣಿಗೆ ಕೈ ಅಡ್ಡ ಇಡುತ್ತಾರೆ.

"ಯಾರನ್ನ ಹಿಡದೀ?"

"ನಮ್ಮ ಮನಿಯವ್ರನ್ನ."

ಎಲ್ಲರೂ ನಗುತ್ತಾರೆ. ಬೇಕಾದರೆ ಮಗಳ ಹೆಸರು ಹೇಳಿ 'ಅವರಪ್ಪ' ಅನ್ನುತ್ತೇನೆ ಎಂದು ಶೇಖರಮ್ಮ ಚೌಕಾಸಿಗೆ ಇಳಿಯುತ್ತಾಳೆ. ಕಲಸಿದ ಮಾಲು ಗಟ್ಟಿಯಾಗುತ್ತಿದೆ, ಬೇರೆ ಯಾರಾದರೂ ಹಿಡಿಯಲಿ ಎಂದು ಮೆಹರಾಜ ಗೊಣಗುತ್ತಾರೆ. ಹುಲಗಮ್ಮ ಜಗ್ಗುವುದಿಲ್ಲ. ಬೇರೆಯವರು ನೀರಿಗೆ ಹೋದ ಗಳಿಗೆಯಲ್ಲಿ ಕೂಗಬೇಕಾದವಳು ಇವಳೇ ಅಲ್ಲವೇ? ಶೇಖರಮ್ಮನ ಪಕ್ಕ ಹೋಗಿ, ಆ ದಿನ ತಾನು ನುಂಗಿಕೊಂಡ ಹೆಸರಿನ ಕಥೆಯನ್ನು ಮೆಲ್ಲಗೆ ಹೇಳುತ್ತಾರೆ. ಕೊನೆಗೆ ಇಷ್ಟೇ:

"ಆಯುಷ್ಯ ಹೆಸರಿನ್ಯಾಗ ಇಲ್ಲವಾ, ಈ ಬುಡದಾಗ ಐತಿ."

ಶೇಖರಮ್ಮ ಸೆರಗಿನ ಅಂಚು ಬಾಯಿಗೆ ಹಿಡಿದು, ಗಂಡನ ಮುಖ ನೋಡದೆ ಬಿದಿರನ್ನೇ ನೋಡುತ್ತಾಳೆ.

"ತಿಮ್ಮಣ್ಣಾ, ಹಿಡದೀನಿ."

ತಿಮ್ಮಣ್ಣನಿಗೆ ಹತ್ತುವುದೇ ಮರೆತುಹೋಗಿದೆ. ಇನ್ನೊಮ್ಮೆ ಅನ್ನು ನೋಡೋಣ ಎಂದು ಹಲ್ಲು ಕಿರಿಯುತ್ತಾನೆ.

"ಇಳಿಯುವಾಗ ಅಂತಾಳ, ಹತ್ತಪ ನೀ," ಎನ್ನುತ್ತಾರೆ ಹುಲಗಮ್ಮ.

ಇವರ ಈ ಪದ್ಧತಿ ಕೂಲಿಯವರ ಜೊತೆಗೇ ಊರೂರು ಸುತ್ತುತ್ತಿದೆ. ಗಂಗಾವತಿಯ ಕಟ್ಟಡವೊಂದರಲ್ಲಿ ಗುರುತಿಲ್ಲದ ಇಬ್ಬರು ಹೀಗೇ ಹೆಸರು ಕೂಗಿಕೊಂಡದ್ದನ್ನು ಕೇಳಿ ಬಂದೆ ಎಂದು ಮೆಹರಾಜ ಹೇಳಿದಾಗ ಹುಲಗಮ್ಮ ಉಸುಕಿನ ಪುಟ್ಟಿ ತಲೆಗೇರಿಸಿಕೊಂಡು ಹೊರಟೇಬಿಟ್ಟರು. ಎಲ್ಲ ಕಟ್ಟಡದಲ್ಲೂ ಹಿಂಗ ಆದರೆ ಸಾಕು ಎಂಬುದಷ್ಟೇ ಅವರ ಆಸೆ.

ಸಂಜೆ ಅವರ ಮನೆಗೆ ಹೋದರೆ ದ್ಯಾಮಣ್ಣ ಹೊಸ್ತಿಲ ಬಳಿ ಕೂತು ಹಗ್ಗ ಹೊಸೆಯುತ್ತಿದ್ದಾರೆ. ಏಣಿಯ ತುದಿ ಕಟ್ಟುವುದು ಇದೇ ಹಗ್ಗದಿಂದ.

"ಊರ ಮಂದಿಗೆಲ್ಲ ಹೆಸರು ಕರಿಯೋದು ಕಲಿಸ್ಯಾಳ್ರಿ. ನನ್ನ ಹೆಸರು ಮಾತ್ರ ಇವತ್ತಿಗೂ ಅಂದಿಲ್ಲ," ಎಂದು ನನ್ನ ಮುಂದೆ ದೂರು ಕೊಡುತ್ತಾರೆ.

ಹುಲಗಮ್ಮ ಚಹಾದ ಬಟ್ಟಲನ್ನು ಗಂಡನ ಮುಂದಿಟ್ಟು ಒಳಗೆ ತಿರುಗುತ್ತಾರೆ.

"ಮನ್ಯಾಗ ನಿಚ್ಚಣಿಕಿ ಎಲ್ಲೈತ್ರಿ?"