ಫ್ಯಾನಿನ ಬಾಯಿಗೆ ಕಟ್ಟಿದ ಗೋಣಿಚೀಲ

ಅಕ್ಕನಿಗೆ ಕೆಮ್ಮು ಹತ್ತಿದ್ದು ಕಡಲೆಕಾಯಿ ಮಿಲ್ಲಿನ ಧೂಳಿನಿಂದ. ಅದನ್ನು ನನಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಮಧುಗಿರಿಯ ಆ ಮಿಲ್ಲಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ನಾನೇ. ಪುರವರದ ಕಡೆಯಿಂದ, ಗೌಡಗೆರೆಯಿಂದ, ಪಾವಗಡದಿಂದ ಗಾಡಿಗಟ್ಟಲೆ ಕಾಯಿ ಬರುತ್ತಿತ್ತು. ಸುಲಿಯುವ ಯಂತ್ರ ತಿರುಗತೊಡಗಿದರೆ ಷೆಡ್ಡಿನ ತುಂಬ ಹೊಟ್ಟು ಏಳುತ್ತಿತ್ತು. ಅದರ ನಡುವೆ ಹನ್ನೆರಡು ಜನ ಹೆಂಗಸರು ಕೂತು ಬೀಜ ಆರಿಸುತ್ತಿದ್ದರು. ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದ್ದ ಅಕ್ಕನೂ ಅವರಲ್ಲೊಬ್ಬಳು. ಕೆಲಸ ಬಿಡು ಎಂದರೆ ನನ್ನ ಮೇಲೇ ಹರಿಹಾಯುತ್ತಿದ್ದಳು.

"ಕೆಲ್ಸ ಬುಟ್ಟು ನಿನ್ ಕೈ ನೋಡ್ಕಂಡ್ ಕೂರ್ಲೇನ್ಲಾ? ಆ ಧೂಳಿಗೆ ಏನಾರ ಮಾಡು. ಮಿಸಿನು ನಿಂದೇ ತಾನೆ?"

ಮಾತು ಚುಚ್ಚಿತು. ಊರಿಗೆ ಕರೆಂಟು ಬಂದ ಹೊಸತು. ಧೂಳನ್ನು ಎಳೆದು ಗೋಡೆಯಾಚೆ ಊದುವ ದೊಡ್ಡ ಫ್ಯಾನು ಹಾಕಿಸೋಣ ಎಂದು ಮಿಲ್ಲಿನ ಸಾಹುಕಾರರ ಬೆನ್ನು ಹತ್ತಿದೆ. ಬೀಜದ ಮೇಲೆ ಧೂಳು ಕೂರುತ್ತದೆ ಎಂದು ಗಿರಾಕಿಗಳೂ ಗೊಣಗುತ್ತಿದ್ದರಿಂದ ಅವರು ಒಪ್ಪಿದರು. ಸಿರಾದಲ್ಲಿ ತಗಡಿನ ಫ್ಯಾನು ಮಾಡಿಸಿದ್ದಾಯಿತು. ಅದನ್ನು ತಿರುಗಿಸುವುದಕ್ಕೆ ಮೋಟರು ಬೇಕು. ತುಮಕೂರಿನ ವ್ಯಾಪಾರಿ ಎರಡನ್ನು ಕಳಿಸಿ, ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದ. ಒಂದು ಚಿಕ್ಕದು, ಮೂರು ಎಚ್‌ಪಿಯದು. ಇನ್ನೊಂದು ಐದರದು, ಮೈಯೆಲ್ಲ ಮುಚ್ಚಿದ್ದು, ಎತ್ತುವುದಕ್ಕೆ ನಾಲ್ಕಾಳು ಬೇಕು.

ನಮ್ಮ ಕಡೆ ಎತ್ತು ಕೊಳ್ಳುವಾಗ ಗಾಡಿಯ ಗಾಲಿಗೆ ಹಗ್ಗ ಬಿಗಿದು ಎಳೆಸುತ್ತಾರೆ. ತಿರುಗದ ಗಾಲಿಯನ್ನು ಎಳೆದು ನಾಲ್ಕು ಹೆಜ್ಜೆ ಹೋದ ಎತ್ತು ಹೊಲದಲ್ಲಿ ಕೈಕೊಡುವುದಿಲ್ಲ. ನಾನು ಹುಟ್ಟಿದ್ದು ಒಕ್ಕಲು ಮನೆಯಲ್ಲಿ. ಮೋಟರಿಗೂ ಅದೇ ಪರೀಕ್ಷೆ ಇಟ್ಟೆ. ಫ್ಯಾನು ಗಾಳಿ ಊದುವ ಬಾಯಿಗೆ ದಪ್ಪ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ, ಚಿಕ್ಕ ಮೋಟರನ್ನು ಹಚ್ಚಿದೆ. ಬೆಳಗಿನಿಂದ ಮಧ್ಯಾಹ್ನದವರೆಗೂ ತಿರುಗಿತು. ಮುಟ್ಟಿದರೆ ಮೈ ಬೆಚ್ಚಗೂ ಇರಲಿಲ್ಲ. ಬಾಯಿ ಕಟ್ಟಿದಾಗಲೇ ಇಷ್ಟು ಹಗುರಾಗಿ ಎಳೆಯುವುದು ಬಾಯಿ ಬಿಟ್ಟರೆ ಆಟವಾಡುತ್ತಾ ಎಳೆಯುತ್ತದೆ ಎಂದು ಸಾಹುಕಾರರ ಮುಂದೆ ಕೊಚ್ಚಿಕೊಂಡೆ. ದೊಡ್ಡದನ್ನು ಅದೇ ಸಂಜೆ ವಾಪಸು ಕಳಿಸಿದೆ.

ಚೀಲ ಬಿಚ್ಚಿ ನಿಜವಾದ ಕೆಲಸಕ್ಕೆ ಹಚ್ಚಿದ ದಿನ ಮೊದಲು ಫ್ಯೂಸು ಹೋಯಿತು. ತಂತಿ ಹಳೆಯದಿರಬೇಕು ಎಂದುಕೊಂಡು ದಪ್ಪ ತಂತಿ ಹಾಕಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಊಟದ ಹೊತ್ತಿಗೆ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಹೆಂಗಸರು ಹೊರಗೆ ಓಡಿದರು. ಅಕ್ಕ ಬಾಗಿಲಲ್ಲಿ ಬಗ್ಗಿ ನಿಂತು ಬಿಡದೆ ಕೆಮ್ಮಿದಳು. ಅವಳಿಗೆ ಗಾಳಿ ಕೊಡುತ್ತೇನೆಂದು ಹೊರಟು ಹೊಗೆ ಕುಡಿಸಿದ್ದೆ.

"ಫ್ಯಾನೂ ಬ್ಯಾಡ, ಗೀನೂ ಬ್ಯಾಡ. ಕಿತ್ತು ಮೂಲೆಗಾಕು" ಎಂದರು ಸಾಹುಕಾರರು. ಮೋಟರಿಗೆ ಎತ್ತಿನ ಪರೀಕ್ಷೆ ಇಟ್ಟ ಕತೆ ಹಬ್ಬಿ, ಊರಲ್ಲಿ ಸಿಕ್ಕವರೆಲ್ಲ ನನ್ನ ಎತ್ತಿನ ಆರೋಗ್ಯ ವಿಚಾರಿಸತೊಡಗಿದರು.

ನಾನು ಕೀಳಲಿಲ್ಲ. ಅವರು ಕೇಳಿದಾಗಲೆಲ್ಲ ನಾಳೆ, ನಾಳಿದ್ದು ಎಂದು ಸಾಗಹಾಕಿದೆ. ಸುಟ್ಟ ಮೋಟರಿಗೆ ತುಮಕೂರಿನಲ್ಲಿ ಹೊಸ ತಂತಿ ಸುತ್ತಿಸಿಕೊಂಡು ಬಂದೆ. ಕಟ್ಟಿದ ಬಾಯಿಯಲ್ಲಿ ತಣ್ಣಗಿದ್ದದ್ದು ಬಿಟ್ಟ ಬಾಯಿಯಲ್ಲಿ ಸುಟ್ಟದ್ದು ಏಕೆ ಎಂದು ತಿಳಿಯುವ ತನಕ ನನಗೆ ಅನ್ನ ರುಚಿಸುತ್ತಿರಲಿಲ್ಲ.

ಕರೆಂಟಾಫೀಸಿನ ಲೈನ್‌ಮನ್ ಸಿರಾ ಕಡೆಯ ಸಾಬರು. ಮೋಟರು ಎಷ್ಟು ಕರೆಂಟು ಎಳೆಯುತ್ತದೆ ಎಂದು ತೋರಿಸುವ ಮುಳ್ಳಿನ ಮೀಟರು ಅವರ ಹತ್ತಿರ ಇತ್ತು. ಕಾಡಿ ಬೇಡಿ ಅವರನ್ನು ಮಿಲ್ಲಿಗೆ ಕರೆತಂದೆ. ಚೀಲ ಕಟ್ಟಿ ಹಚ್ಚಿದೆವು. ಮುಳ್ಳು ಕೆಳಗೇ ನಿಂತಿತು. ಚೀಲ ಬಿಚ್ಚಿದೆ. ಮೋಟರಿನ ಮೇಲೆ ಬರೆದಿದ್ದ ಮಿತಿಯನ್ನು ದಾಟಿ ಮುಳ್ಳು ಮೇಲೇರಿತು. ತಕ್ಷಣ ನಿಲ್ಲಿಸಿದೆ.

"ಅರೆ, ಬಾಯಿ ಕಟ್ಬುಟ್ರೆ ಅದಕ್ಕೆ ಕೆಲ್ಸ ಎಲ್ಲೈತೆ?" ಎಂದು ಸಾಬರು ನಕ್ಕರು. "ಒಳಗಿರೋ ಗಾಳೀನೇ ಸುತ್ತುಸ್ತಾ ಇರ್ತೈತೆ. ಬಾಯಿ ಬುಟ್ರೆ ಗಳಿಗೆಗಳಿಗೆಗೂ ಹೊಸ ಗಾಳಿ ತಳ್ಬೇಕು. ಅದೇ ಅಲ್ವಾ ಹೊರೆ?"

ಬಾಯಿ ಮುಚ್ಚಿದ ಕೊಡವನ್ನು ಬಾವಿಗಿಳಿಸಿ, ಸೇದುವುದಕ್ಕೆ ಎಷ್ಟು ಹಗುರ ಎಂದು ಹಿಗ್ಗಿದ ಹಾಗಾಗಿತ್ತು ನನ್ನ ಪರೀಕ್ಷೆ. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಹುಮ್ಮಸ್ಸು ಬಂತು.

ಸಾಹುಕಾರರನ್ನು ಅಲ್ಲಿಗೇ ಕರೆದು ಮುಳ್ಳು ಏರುವುದನ್ನೂ ಇಳಿಯುವುದನ್ನೂ ತೋರಿಸಿದೆ. ದೊಡ್ಡ ಮೋಟರನ್ನೇ ತರಿಸಬೇಕು, ಹೊಟ್ಟು ಒಳಹೊಗದ ಹಾಗೆ ಮೈ ಮುಚ್ಚಿದ್ದೇ ಆಗಬೇಕು ಎಂದೆ.

"ಇದೂ ಸುಟ್ರೆ?"

"ಮಾರನೇ ದಿನದಿಂದ ನನ್ ಮುಖ ನೋಡ್ಬ್ಯಾಡಿ."

ಅವರು ಇನ್ನೊಮ್ಮೆ ಚೀಲ ಕಟ್ಟಿಸಿ, ಬಿಚ್ಚಿಸಿ, ಮುಳ್ಳು ನೋಡಿ ಹೂಂ ಎಂದರು. ನಾನು ವಾಪಸು ಕಳಿಸಿದ್ದ ಮೋಟರೇ ಎರಡನೇ ಸಲ ಗಾಡಿಯಲ್ಲಿ ಬಂತು.

ಈ ಸಲ ಪರೀಕ್ಷೆಗೆ ಸಾಲು ಗಾಡಿಗಳು ನಿಂತ ದಿನವನ್ನೇ ಆರಿಸಿದೆ. ಫ್ಯಾನಿನ ಬಾಯಿ ಪೂರಾ ಬಿಟ್ಟು ಬೆಳಗ್ಗೆ ಹಚ್ಚಿದ್ದನ್ನು ಸಂಜೆವರೆಗೂ ನಿಲ್ಲಿಸಲಿಲ್ಲ. ಸಾಬರ ಮೀಟರಿನ ಮುಳ್ಳು ಮಿತಿಗಿಂತ ಸಾಕಷ್ಟು ಕೆಳಗೇ ಇತ್ತು. ನನಗೆ ಅದೂ ಸಾಲದು. ಗಂಟೆಗೊಮ್ಮೆ ಮೋಟರಿನ ಮೈ ಮೇಲೆ ಅಂಗೈ ಇಟ್ಟು ಇಪ್ಪತ್ತು ಎಣಿಸುತ್ತಿದ್ದೆ. ಬಿಸಿಯಿತ್ತು, ಆದರೆ ಒಮ್ಮೆಯೂ ಕೈ ತೆಗೆಯುವಷ್ಟಲ್ಲ. ಗೋಡೆಯಾಚೆ ಹೊಟ್ಟಿನ ಗುಡ್ಡೆ ಬೆಳೆಯುತ್ತಾ ಹೋಯಿತು. ಕೆಲಸ ಮುಗಿಸಿ ಹೊರಡುವಾಗ ಅಕ್ಕ ಸೆರಗು ಕೊಡವಿ ನೋಡಿಕೊಂಡಳು. ಆದರೆ ಅವಳ ಕೆಮ್ಮು ಒಂದೇ ದಿನಕ್ಕೆ ಹೋಗಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಕಣ್ಣು ಬಿಟ್ಟರೆ ಬಿಸಿಲು ಮುಖದ ಮೇಲಿತ್ತು. ದಿನವೂ ಕೋಳಿಗಿಂತ ಮುಂಚೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅಕ್ಕನ ಕೆಮ್ಮು. ಅದು ಕೇಳಿಸಿರಲಿಲ್ಲ. ಅವಳಿಗೆ ಏನೋ ಆಗಿಹೋಗಿದೆ ಎಂದುಕೊಂಡು ಪಂಚೆ ಸರಿಮಾಡಿಕೊಳ್ಳುವಷ್ಟೂ ನಿಲ್ಲದೆ ಒಳಗೆ ಓಡಿದೆ. ಅವಳು ಒಲೆಯ ಮುಂದೆ ಕೂತು, ಹೊಗೆಯಲ್ಲೂ ಕೆಮ್ಮದೆ, ರೊಟ್ಟಿ ತಟ್ಟುತ್ತಿದ್ದಳು.

"ಹೊತ್ತಾಗ್ಲಿಲ್ವೇನ್ಲಾ ಮಿಲ್ಗೆ? ಹಿಂಗಾ ಮಲ್ಗಾದು?"

ಅಂದು ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ತಡವಾಗಿ ಹೋದೆ. ಸಾಹುಕಾರರು ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದರು. ನಾನು ತಲೆ ತಗ್ಗಿಸಿ ನಿಂತು, ಅವರು ಇನ್ನೂ ಸ್ವಲ್ಪ ಬೈಯಲಿ ಎಂದುಕೊಂಡೆ.