ಗಿಟಾರ್ ಮಾವನ ಸೆಕೆಂಡ್ ಹ್ಯಾಂಡ್
ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಹೊರಟವರು ಮೊದಲು ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಹೋಗಿ, ಅಲ್ಲಿ ಕೂರುವ ಗಿಟಾರ್ ಮಾವನ ವಾರದ ರಜೆ ಯಾವತ್ತೆಂದು ಕೇಳಬೇಕು. ಅವರನ್ನು ಬಿಟ್ಟು ಹೋದವರು ಕೈಸುಟ್ಟುಕೊಂಡದ್ದೇ ಹೆಚ್ಚು. "ಬಣ್ಣಕ್ಕೆ ಕಾಸು ಕೊಡಬೇಡಿ, ಬಣ್ಣ ಹಾಡೋದಿಲ್ಲ" ಎಂದು ಮಾವ ದಾರಿಯಲ್ಲೇ ಬುದ್ಧಿ ಹೇಳುತ್ತಾರೆ. ಎಡಗೈಯನ್ನು ಜೇಬಿನಿಂದ ತೆಗೆಯದೆ, ಅದೇನು ಗತ್ತೋ, ಮಾರುವವರ ಮೇಜಿನ ಮೇಲೆ ಗಿಟಾರ್ ಮಲಗಿಸಿ, ಬಡಗಿ ಹಲಗೆ ನೋಡುವಂತೆ ಒಂದು ಕಣ್ಣು ಮುಚ್ಚಿ ಅದರ ಕತ್ತು ನೋಡುತ್ತಾರೆ. ಕತ್ತು ಕೂದಲೆಳೆಯಷ್ಟು ಬಾಗಿದ್ದರೆ ಅವರ ಹುಬ್ಬು ಗೇಣುದ್ದ ಏರುತ್ತದೆ. ಗುಂಡಿ ತಿರುಗಿಸಿದಾಗ ಸ್ಪೀಕರ್ ಕರಕರ ಎಂದರೆ, "ಧೂಳು ಕೆಮ್ತಿದೆ, ಗಾಬರಿ ಬೇಡ" ಎಂದು ಮಾರುವವರಿಗೇ ಸಮಾಧಾನ ಹೇಳುತ್ತಾರೆ. ಬೆರಳು ಆಡಿ ಆಡಿ ಸವೆದ ಗಿಟಾರ್ ಕಂಡರಂತೂ ಹಳೇ ನೆಂಟರು ಸಿಕ್ಕ ಖುಷಿ: "ಇದು ಗೋಡೆಗೆ ನೇತಾಡಿದ್ದಲ್ಲ, ದುಡಿದಿದೆ!" ಕಡೆಯ ಪರೀಕ್ಷೆಗೆ ಮಾತ್ರ ಕೊಳ್ಳುವವರನ್ನು ಪಕ್ಕ ಕೂರಿಸಿಕೊಳ್ಳುತ್ತಾರೆ. "ನೀವು ತಂತಿ ಒತ್ತಿ, ನಾನು ಮೀಟ್ತೀನಿ." ಎಲ್ಲರೂ ಇದನ್ನು ದೊಡ್ಡ ವಿದ್ಯೆಯೆಂದೇ ನಂಬಿದ್ದರು. ಮೊನ್ನೆ ಗಿಟಾರ್ ಕೊಳ್ಳಲು ಜೊತೆಗೆ ಹೋಗಿದ್ದ ನರ್ಸಮ್ಮ ಮಾತ್ರ, "ಆ ಕೈ ಸ್ವಲ್ಪ ತೋರಿಸಿ ಮಾವ" ಎಂದಳು. ಜೇಬಿನಿಂದ ಹೊರಬಂದ ಕೈಯಲ್ಲಿ ಮೂರು ಬೆರಳು ಕಡ್ಡಿಯಂತೆ ಸೆಟೆದಿದ್ದವು. "ಎಷ್ಟು ವರ್ಷ ಆಯ್ತು?" "ಲೆಕ್ಕ ಇಟ್ಟಿಲ್ಲ ಕಣಮ್ಮ" ಎಂದು ಮಾವ ನಕ್ಕರು. "ನೀವೆಲ್ಲ ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕ್ಕೊಂಡು ಬರ್ತೀರಿ. ನನ್ನ ಗಿಟಾರ್ ಮನೇಲೇ ಇದೆ. ನಾನು ಹುಡುಕೋದು ಸೆಕೆಂಡ್ ಹ್ಯಾಂಡ್ ಅಷ್ಟೇ. ಎಲ್ಲಿ, ಇನ್ನೊಂದ್ಸಲ ಒತ್ತು."