ಟವೆಲ್ಲಿನ ಮರೆಯ ಬೇವಿನ ಮರ

ಹಾವೇರಿಯ ದನದ ಪೇಟೆಯಲ್ಲಿ ಶಮಶೇರಸಾಬ ಮೂವತ್ತು ವರ್ಷದ ದಲ್ಲಾಳಿ. ಟವೆಲ್ಲಿನ ಮರೆಯಲ್ಲಿ ಬೆರಳಿಗಿಷ್ಟು ಎಂದು ಬೆರಳು ಹಿಡಿದು, ಬಾಯಿ ಬಿಡದೆ ಎತ್ತಿನ ದರ ಕುದುರಿಸುವುದು ಅವನ ಕಸುಬು. ಮಾರುವವನ ಕಡೆಗೂ ಇಲ್ಲ, ಕೊಳ್ಳುವವನ ಕಡೆಗೂ ಇಲ್ಲ ಎಂಬ ಹೆಸರೊಂದೇ ಅವನ ಆಸ್ತಿ. ಆ ಹೆಸರಿಗೆ ಕುತ್ತು ಬಂದದ್ದು 1988ರಲ್ಲಿ, ಒಂದು ಬೇವಿನ ಮರದಿಂದ.

ಮರವಿದ್ದದ್ದು ಸಿದ್ದವ್ವನ ಹಿತ್ತಲಲ್ಲಿ. ಅದರ ನೆರಳಲ್ಲೇ ಒಲೆ ಹೂಡಿ ಆಕೆ ರೊಟ್ಟಿ ಬಡಿದು ಮಾರುತ್ತಿದ್ದಳು. ಎಲೆ ಮಾತ್ರ ಬೀಳುತ್ತಿದ್ದದ್ದು ಪಕ್ಕದ ನಿಜಲಿಂಗಪ್ಪನವರ ಹೊಸ ಮಾಳಿಗೆಯ ಮೇಲೆ. ನಿವೃತ್ತ ಗುಮಾಸ್ತರಾದ ಅವರು ಬಡಾವಣೆಯ ಸಂಘಕ್ಕೆ ಅಧ್ಯಕ್ಷರು. ಠರಾವು ಪಾಸಾಗದೆ ಕೆಮ್ಮುವವರೂ ಅಲ್ಲ.

"ಮರ ಕಡೀಬೇಕು. ಕೈ ಎತ್ರಿ," ಎಂದರು ಸಭೆಯಲ್ಲಿ.

ಹನ್ನೊಂದು ಮನೆಯ ಯಜಮಾನರು ನೆಲ ನೋಡಿದರು. ಒಂದು ಕಡೆ ಅಧ್ಯಕ್ಷರ ಕಣ್ಣು, ಇನ್ನೊಂದು ಕಡೆ ಸಿದ್ದವ್ವನ ಬಾಯಿ.

"ಯಾಕ, ಕೈಗೆ ಲಕ್ವಾ ಹೊಡದೈತೇನು?" ಎಂದಳು ಸಿದ್ದವ್ವ. "ಹೆಚ್ಚು ಮಂದಿ ಕಡಿ ಅಂದ್ರ ಕಡಸ್ತೇನಿ. ಯಾರ್ಯಾರು ಅಂದ್ರಿ ಅನ್ನೂದು ಮಾತ್ರ ನೆನಪ ಇಟ್ಕೋತೇನಿ."

ಹಿಟ್ಟಿನ ಗಿರಣಿಯ ಮೈಲಪ್ಪ ಮೆಲ್ಲಗೆ, "ಓಟು ಗುಟ್ಟಾಗೇ ಆಗ್ಲಿ. ಶಮಶೇರಣ್ಣನ ಟವೆಲ್ ಐತಿ," ಎಂದ.

ಶಮಶೇರಸಾಬ ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದವನು, ಸಂಘದಲ್ಲಿ ಓಟಿಲ್ಲ. ಅವನ ಒಂದು ಬೆರಳು ಹಿಡಿದರೆ ಕಡಿ, ಎರಡು ಹಿಡಿದರೆ ಬಿಡು ಎಂದು ನಿಗದಿಯಾಯಿತು.

ಮೊದಲು ಮೈಲಪ್ಪ. ಟವೆಲ್ಲಿನೊಳಗೆ ಒಂದು ಬೆರಳು ಹಿಡಿದ. ಹಿಡಿದದ್ದೇ ತಡ, ಶಮಶೇರಸಾಬನ ಕೈ ತನ್ನ ಕಸುಬಿಗೆ ಇಳಿಯಿತು. ಕೇಳಿದ ಮೊದಲ ದರಕ್ಕೆ ಒಪ್ಪಿದವನೂ ಒಬ್ಬ ದಲ್ಲಾಳಿಯೇ? ಮುಖ ಕಿವಿಚಿದ, ತಲೆ ಅಲ್ಲಾಡಿಸಿದ, ಇನ್ನೊಂದು ಬೆರಳನ್ನು ಮೈಲಪ್ಪನ ಮುಷ್ಟಿಗೆ ತುರುಕಿ ಅದುಮಿದ. ಮೈಲಪ್ಪ ಎರಡಕ್ಕೆ ಬಂದ. ಒಂದು ಹಿಡಿದವರೆಲ್ಲರೂ ಹೀಗೇ. ಮೊದಲೇ ಎರಡು ಹಿಡಿದವರಿಂದ ಮೂರು ಹೊರಡಿಸಲೂ ನೋಡಿದ. ಅಧ್ಯಕ್ಷರದು ಬಿಗಿ ಕೈ. ಮೂರು ಸಲ ಕೊಡವಿ, ಬೆವತು, ಕಡೆಗೆ ಸೋತರು.

"ಎಲ್ಲಾರದೂ ಎರಡ್ರಿ! ಮರ ಉಳೀತು," ಎಂದು ಶಮಶೇರಸಾಬ ಟವೆಲ್ ಕೊಡವಿದ.

"ಖೊಟ್ಟಿ! ನಾ ಹಿಡದದ್ದು ಒಂದ!" ಅಧ್ಯಕ್ಷರು ಕುರ್ಚಿ ಬಿಟ್ಟೆದ್ದರು. "ಈಂವ ಜಗ್ಯಾಡಿ ಎರಡ ಮಾಡ್ಯಾನ!"

"ನನಗೂ ಹಂಗ ಮಾಡಿದ್ನೆಲ್ಲ!" ಎಂದುಬಿಟ್ಟ ಮೈಲಪ್ಪ.

ಸಿದ್ದವ್ವ ತಿರುಗಿದಳು. "ಅಂದ್ರ ನೀ ಒಂದ ಹಿಡದಿದ್ದಿ. ಹೌದಿಲ್ಲೋ ಮೈಲಾ?"

ಉಳಿದವರಿಗೆಲ್ಲ, ತಮ್ಮ ಕೈಯನ್ನು ಯಾರೂ ಜಗ್ಗಿರಲಿಲ್ಲವೆಂಬುದು ತಟ್ಟನೆ ನೆನಪಾಯಿತು.

ಶಮಶೇರಸಾಬನ ಕಿವಿ ಕೆಂಪಾದವು. "ತಪ್ಪಾತ್ರಿ ಸಾಹೇಬ್ರ. ಒಂದಕ್ಕ ಬಿಡಾಕ ಮನಸ ಬರಲಿಲ್ಲ. ಮಾಲು ಚಲೋ ಐತ್ರಿ."

ಮತ್ತೊಮ್ಮೆ ಓಟು ಹಾಕೋಣವೆಂದು ಸಿದ್ದವ್ವನ ಎದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ಮರ ಉಳಿಯಿತು. ಶಮಶೇರಸಾಬ ಯಾರ ಕಡೆಗೂ ಇಲ್ಲ ಎಂಬ ಮಾತು ಮಾತ್ರ ಅಂದಿಗೆ ಮುಗಿಯಿತು. ಮುಂದಿನ ಪೇಟೆಯ ದಿನ, ಎತ್ತು ಮಾರುವವರೆಲ್ಲ ಒಂದನ್ನು ಎರಡು ಮಾಡುವ ಅವನ ಕೈಯನ್ನೇ ಹುಡುಕಿಕೊಂಡು ಬಂದರು.